ಗ್ರೀಕರ ಅತಿಥಿಧರ್ಮವೂ ಸೂರಿನ ಒಂದು ಊಟವೂ

ಖುರುಮ್

ಗ್ರೀಸ್ ದೇಶವನ್ನು ನಾನು ನೋಡಿಲ್ಲ. ಆದರೆ ಉಡುಪಿಯ ಕಾಲೇಜಿನಲ್ಲಿ ಕೆಲಸದಲ್ಲಿದ್ದಷ್ಟು ಕಾಲ ಹುಡುಗಿಯರಿಗೆ ಗ್ರೀಕರ ಇತಿಹಾಸ ಕಲಿಸಿದೆ. ಅಥೆನ್ಸಿನ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೆಂದರೆ, ಅಲ್ಲಿ ಒಯ್ದು ಬಿಟ್ಟರೆ ಯಾರನ್ನೂ ದಾರಿ ಕೇಳದೆ ಪೇಟೆಗೆ ಹೋಗಿ ಬರಬಲ್ಲೆ ಎಂಬ ಜಂಬ ನನಗಿತ್ತು. ನಿವೃತ್ತಿಯಾದ ಮೇಲೆ ಹೋಗುವುದೆಂದು ಮುಂದೂಡಿ ಮುಂದೂಡಿ, ಕೊನೆಗೆ ನಾನು ಕಡಲು ದಾಟಿದ್ದು ಒಮಾನಿಗೆ. ಮಸ್ಕತ್ತಿನಲ್ಲಿ ಕೆಲಸದಲ್ಲಿರುವ ತಮ್ಮನ ಮಗ ಟಿಕೆಟ್ ಕಳಿಸಿದ್ದ.

ಅವನು ಸುಮ್ಮನೆ ಕರೆಸಿಕೊಂಡಿರಲಿಲ್ಲ. ಅವನ ಪರಿಚಯದ ಕನ್ನಡದವರು ತಿಂಗಳಿಗೊಮ್ಮೆ ಸೇರುತ್ತಾರೆ. 'ನಮ್ಮ ದೊಡ್ಡತ್ತೆ ಗ್ರೀಕರ ಬಗ್ಗೆ ಮಾತನಾಡುತ್ತಾರೆ' ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದ. ಮಸ್ಕತ್ತಿನ ಖುರುಮ್ ಬಡಾವಣೆಯ ಹೋಟೆಲೊಂದರ ಸಣ್ಣ ಸಭಾಂಗಣ, ಬೆಳಗಿನ ಹೊತ್ತು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೆ ಒಳಗೆ ಎ.ಸಿ.ಯ ಚಳಿಗೆ ಸೆರಗು ಹೊದ್ದುಕೊಳ್ಳಬೇಕು. ಮುಂದಿನ ಸಾಲಿನಲ್ಲಿ ಮಂಗಳೂರು, ಉಡುಪಿ, ಕಾರ್ಕಳದ ಮುಖಗಳು. ಊರಿನ ಯಾವುದೋ ಮದುವೆ ಹಾಲಿಗೆ ಬಂದ ಹಾಗಿತ್ತು.

ನಾನು ಆರಿಸಿಕೊಂಡ ವಿಷಯ ಗ್ರೀಕರ ಆತಿಥ್ಯ. ಅವರಲ್ಲಿ 'ಕ್ಸೆನೋಸ್' ಎಂಬ ಒಂದು ಪದವಿದೆ. ಅಪರಿಚಿತ ಎಂದರೂ ಅದೇ, ಅತಿಥಿ ಎಂದರೂ ಅದೇ. ಬಾಗಿಲಲ್ಲಿ ನಿಂತವನಿಗೆ ಮೊದಲು ಕೈತೊಳೆಯಲು ನೀರು, ಆಮೇಲೆ ಊಟ. ನೀನು ಯಾರು, ಎಲ್ಲಿಂದ ಬಂದೆ ಎಂದು ಕೇಳುವುದು ಅವನ ಹೊಟ್ಟೆ ತುಂಬಿದ ಮೇಲೆ. ಅಪರಿಚಿತರನ್ನು ಕಾಯುವ ಹೊಣೆ ದೇವತೆಗಳ ಅರಸನಾದ ಜೀಯಸನದು, ಹಾಗಾಗಿ ಹೊರದಬ್ಬಿದರೆ ಅವನ ಸಿಟ್ಟಿಗೆ ಗುರಿಯಾಗಬೇಕು. ಇಷ್ಟನ್ನು ಹೇಳಿ ಸ್ವಲ್ಪ ನಗಿಸೋಣವೆಂದು, ಈ ಅರಬ್ಬಿ ಕಡಲ ದಂಡೆಯವರಿಗೆ ಹಳೆಯ ಗ್ರೀಕ್ ನಾವಿಕರು ಇಟ್ಟ ಹೆಸರನ್ನೂ ಹೇಳಿದೆ: ಮೀನು ತಿನ್ನುವವರು. ಅವರ ದನಕರುಗಳೂ ಮೀನು ತಿನ್ನುತ್ತವೆ ಎಂದು ಗ್ರೀಕರು ಬೆರಗಾಗಿ ಬರೆದಿಟ್ಟಿದ್ದಾರೆ. "ಮಲ್ಪೆಗೆ ಬಂದಿದ್ದರೆ ನಮಗೂ ಅದೇ ಹೆಸರು ಸಿಗುತ್ತಿತ್ತು" ಎಂದಾಗ ಸಭೆ ಗೊಳ್ಳೆಂದಿತು.

ನನ್ನ ಟಿಪ್ಪಣಿಯಲ್ಲಿ ಇನ್ನೂ ಒಂದು ಭಾಗವಿತ್ತು. ಆತಿಥೇಯನಿಗೆ ಇರುವಂತೆ ಅತಿಥಿಗೂ ಧರ್ಮವಿತ್ತು. ಉಂಡ ಮನೆಗೆ ಅವನು ಎರಡು ಬಗೆಯಬಾರದು. ಗ್ರೀಕರು ತಲೆಮಾರುಗಟ್ಟಲೆ ಹಾಡಿಕೊಂಡು ಬಂದ ಆ ದೊಡ್ಡ ಯುದ್ಧ ಶುರುವಾದದ್ದೇ ಹಾಗೆ ಬಗೆದು ಆತಿಥೇಯನ ಹೆಂಡತಿಯನ್ನೇ ಒಯ್ದ ಒಬ್ಬ ಅತಿಥಿಯಿಂದ. ಹೊತ್ತಾಯಿತೆಂದು ಅದನ್ನು ಬಿಟ್ಟು, 'ಇವತ್ತಿನ ಕಾಲದಲ್ಲಿ ಅಂಥ ಮನೆಗಳೆಲ್ಲಿ?' ಎಂದು ನಿಟ್ಟುಸಿರು ಬಿಟ್ಟು ಮುಗಿಸಿದೆ. ಚಪ್ಪಾಳೆ ಬಿತ್ತು.

ಚಹಾದ ಹೊತ್ತಿಗೆ ಒಬ್ಬ ಹೆಂಗಸು ಬಂದು ಕಾಲಿಗೆ ಬಗ್ಗಿದಳು. ಐರಿನ್. ನನ್ನ ಹಳೆಯ ವಿದ್ಯಾರ್ಥಿನಿ, ಶಿರ್ವದ ಕೊಂಕಣಿ ಮಾತಿನ ಹುಡುಗಿ. ಈಗ ಅವಳ ಮಗಳೇ ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಳೆ. ಗಂಡ ವಿಲ್ಫ್ರೆಡ್‌ಗೆ ಸೂರ್ ಎಂಬ ಕಡಲ ಪಟ್ಟಣದ ಹತ್ತಿರದ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ನನ್ನ ಮಾತು ಕೇಳಲೆಂದೇ ಅಷ್ಟು ದೂರದಿಂದ ಬಂದಿದ್ದರು.

"ಮೇಡಂ, ಅಂಥ ಮನೆ ಎಲ್ಲುಂಟು ಅಂತ ಕೇಳಿದ್ರಲ್ಲ? ನಮ್ಮ ಓಣಿಯಲ್ಲೇ ಉಂಟು. ನೀವು ನನ್ನೊಟ್ಟಿಗೆ ಬರ್ಲೇಬೇಕು," ಎಂದಳು.

"ಯಲ್ಲಾ, ಬ್ಯಾಗ್ ತನ್ನಿ ಮೇಡಂ. ಹೋಗುವ," ಎಂದ ವಿಲ್ಫ್ರೆಡ್. ಅರಬ್ಬಿಯ 'ನಡೀರಿ' ಅವನ ಬಾಯಿಗೆ ಅಂಟಿತ್ತು.

ಕಡಲ ದಾರಿ

ಮಸ್ಕತ್‌ನಿಂದ ಸೂರಿಗೆ ಹೋಗುವ ರಸ್ತೆಯಲ್ಲಿ ಒಂದು ಕಡೆ ಬೋಳು ಬೆಟ್ಟ, ಇನ್ನೊಂದು ಕಡೆ ಕಡಲು. ನಮ್ಮ ಕರಾವಳಿಯಲ್ಲಿ ಬೆಟ್ಟಕ್ಕೂ ಕಡಲಿಗೂ ನಡುವೆ ತೆಂಗು, ಗದ್ದೆ, ಗುಡಿ, ಇಗರ್ಜಿ, ಅಂಗಡಿ ಎಲ್ಲ ತುಂಬಿಕೊಂಡಿರುತ್ತವೆ. ಇಲ್ಲಿ ಇವೆರಡೂ ನೇರವಾಗಿ ಮುಖಾಮುಖಿ. ಹಸಿರು ಹುಡುಕಿ ಹುಡುಕಿ ನನ್ನ ಕಣ್ಣು ದಣಿಯಿತು. ಗ್ರೀಕ್ ನಾವಿಕನೊಬ್ಬ ಹಡಗಿನ ಮೇಲಿನಿಂದ ಇದನ್ನೇ ನೋಡಿರಬೇಕಲ್ಲ ಎಂದು ಮಾತಿಗೆ ತೊಡಗಿದವಳು, ಐರಿನ್ ಆಕಳಿಸುವವರೆಗೂ ನಿಲ್ಲಿಸಲಿಲ್ಲ.

ಒಂದು ಮೀನುಗಾರರ ಹಳ್ಳಿಯ ಬಳಿ ವಿಲ್ಫ್ರೆಡ್ ಕಾರು ನಿಲ್ಲಿಸಿದ. ದಂಡೆಯ ಉದ್ದಕ್ಕೂ ಬೂತಾಯಿ ಮೀನು ಒಣಹಾಕಿದ್ದರು. ಬಿಸಿಲಿಗೆ ಬೆಳ್ಳಿಯ ಚಾಪೆ ಹಾಸಿದ ಹಾಗಿತ್ತು. ಮೂಗಿಗೆ ಮಾತ್ರ ಮಲ್ಪೆಯೇ. ಆಡೊಂದು ಬಂದು ಎರಡು ಮೀನು ಅಗಿದು ಹೋಯಿತು.

"ಮೇಡಂ, ನಿಮ್ಮ ಗ್ರೀಕರು ಸುಳ್ಳು ಹೇಳ್ಲಿಲ್ಲ!" ಎಂದು ಐರಿನ್ ಕೂಗಿದಳು.

ನನಗೆ ಆದ ಸಂತೋಷ ಹೇಳತೀರದು. ಫೋಟೋ ತೆಗೆದದ್ದೇ ತೆಗೆದದ್ದು. ಮೀನು ಹರವುತ್ತಿದ್ದ ಮುದುಕರೊಬ್ಬರು ನನ್ನನ್ನು ನೋಡಿ ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿದರು. ನಾನು ಅವರ ಫೋಟೋವನ್ನೂ ತೆಗೆದೆ, ಕೇಳದೆ. ಸಲಾಮಿಗೆ ಉತ್ತರ ಕೊಡಲು ಮರೆತೆ. ಇದು ನೆನಪಾದದ್ದು ಕಾರು ಬಹಳ ದೂರ ಹೋದ ಮೇಲೆ.

ಸೂರ್ ತಲುಪಿದಾಗ ಊಟದ ಹೊತ್ತು. ಐರಿನ್ ಬೆಳಿಗ್ಗೆಯೇ ಅಂಜಲ್ ಮೀನಿನ ಸಾರು ಮಾಡಿಟ್ಟು ಬಂದಿದ್ದಳು. ಹುಳಿ, ಕೊತ್ತಂಬರಿ, ಬ್ಯಾಡಗಿ ಮೆಣಸು, ಎಲ್ಲ ಊರಿನದೇ. "ಇದೊಂದು ತುಂಡು ಚೆನ್ನಾಗುಂಟು ಮೇಡಂ," ಎಂದು ತನ್ನ ತಟ್ಟೆಯಿಂದಲೇ ಎತ್ತಿ ನನ್ನ ತಟ್ಟೆಗೆ ಹಾಕಿದಳು. ನಾನು ಬೆರಳು ನೆಕ್ಕಿಕೊಂಡು ತಿಂದೆ. ಮುಂದೆ ನಡೆದದ್ದನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಬೇಕು.

ಉಮ್ಮ್ ಸಾಲಿಂ ಮನೆ

ಓಣಿಯ ಆಚೆಬದಿಯ ಬಿಳಿ ಮನೆ ಉಮ್ಮ್ ಸಾಲಿಂ ಅವರದು. ಹಾಗೆಂದರೆ ಸಾಲಿಂನ ತಾಯಿ. ಅಲ್ಲಿ ಹಿರಿಯ ಹೆಂಗಸರನ್ನು ಹಿರಿಮಗನ ಹೆಸರಿನಿಂದಲೇ ಕರೆಯುತ್ತಾರೆ. ಸಾಲಿಂ ವಿಲ್ಫ್ರೆಡ್‌ನ ಪ್ಲಾಂಟಿನಲ್ಲೇ ಕೆಲಸ ಮಾಡುತ್ತಾನೆ. ಊರಿನಿಂದ ಐರಿನಳ ಮೇಡಂ ಬರುತ್ತಾರೆಂದು ತಿಳಿದದ್ದೇ ಆ ಸಂಜೆಯ ಊಟಕ್ಕೆ ಹೇಳಿ ಕಳಿಸಿದ್ದರು.

ಗಂಡಸರು ಹೊರಗಿನ ಕೋಣೆಯಲ್ಲಿ ಕುಳಿತರು. ನಾವು ಒಳಗೆ. ನೆಲಕ್ಕೆ ದಪ್ಪ ಜಮಖಾನೆ, ಗೋಡೆಗೆ ಒರಗುದಿಂಬು. ಉಮ್ಮ್ ಸಾಲಿಂ ನನಗಿಂತ ಹಿರಿಯರು, ಸಪೂರ ಮೈ, ಮೊಣಕಾಲು ನೋವಿನಿಂದ ಗೋಡೆ ಹಿಡಿದು ನಡೆಯುತ್ತಾರೆ. ನನ್ನ ಎರಡೂ ಕೈ ಹಿಡಿದು ಕೂರಿಸಿದರು. ಸೊಸೆ ಮರಿಯಂ ಏಲಕ್ಕಿ ಹಾಕಿದ ಕಹಿ ಕಾಫಿಯನ್ನೂ ಖರ್ಜೂರವನ್ನೂ ತಂದಳು. ಎರಡನೆಯ ಸಲ ಕಾಫಿ ಬಗ್ಗಿಸುವವರೆಗೂ ಯಾರೂ ನನ್ನ ಹೆಸರು ಕೇಳಲಿಲ್ಲ. ಒಳಗೊಳಗೇ ನಾನು ಕುಣಿದೆ. ಪಾಠದಲ್ಲಿ ಹೇಳಿದ್ದೆಲ್ಲ ಕಣ್ಣೆದುರಿಗೇ! ಎದುರಿಗಿದ್ದ ಹೆಂಗಸರನ್ನು ನಾನು ಆಗ ನೋಡುತ್ತಿದ್ದದ್ದು ಮನುಷ್ಯರನ್ನು ನೋಡುವ ಹಾಗೆ ಅಲ್ಲ, ನನ್ನ ಭಾಷಣಕ್ಕೆ ಸಿಕ್ಕ ಸಾಕ್ಷಿಗಳನ್ನು ನೋಡುವ ಹಾಗೆ.

ಆಮೇಲೆ ಊಟ ಬಂತು.

ಮರಿಯಂ ಮತ್ತು ಅವಳ ನಾದಿನಿ ಸೇರಿ ಒಂದು ಭಾರಿ ಹರಿವಾಣ ಹೊತ್ತು ತಂದು ನಡುವೆ ಇಟ್ಟರು. ಅದರ ತುಂಬ ಹಳದಿ ಅನ್ನ, ಮೇಲೆ ಮಸಾಲೆ ಮೆತ್ತಿದ ಇಡಿಯ ಮೀನು. ತಟ್ಟೆಗಳಿಲ್ಲ. ಎಲ್ಲರೂ ಸುತ್ತ ಕುಳಿತರು. ಉಮ್ಮ್ ಸಾಲಿಂ ಬಲಗೈಯಿಂದ ಮೀನಿನ ಹೊಟ್ಟೆಯ ಮೆದು ಭಾಗ ಮುರಿದು, ಮುಳ್ಳು ಬಿಡಿಸಿ, ನನ್ನ ಎದುರಿನ ಅನ್ನದ ಮೇಲೆ ಇಟ್ಟರು. ಇನ್ನೇನು ಎಲ್ಲರ ಕೈಯೂ ಆ ಒಂದೇ ಹರಿವಾಣಕ್ಕೆ ಇಳಿಯಬೇಕು.

ನನ್ನ ಕೈ ಏಳಲಿಲ್ಲ. ಎಂಜಲು ಎಂಬ ಮಾತು ಗಂಟಲಿಗೆ ಬಂದು ನಿಂತಿತು. ಆ ಹೊತ್ತಿಗೆ ನನಗೆ ನಾನೇ ಹೇಳಿಕೊಂಡ ಕಾರಣ ಅದು. ಆದರೆ ಅಂದು ಮಧ್ಯಾಹ್ನ ಐರಿನ್ ತಟ್ಟೆಯಿಂದ ಬಂದ ತುಂಡು ಎಂಜಲಾಗಿರಲಿಲ್ಲವಲ್ಲ? ಊರಿನಲ್ಲಿ ಬ್ಯಾರಿ ಮುಸ್ಲಿಮರ ಮದುವೆಗೆ ಹೋದರೆ ಶರಬತ್ತು ಕುಡಿದು, ತಲೆನೋವೆಂದು ಎದ್ದು ಬರುವವಳು ನಾನು. ವೇದಿಕೆಯ ಮೇಲೆ ಸೌಹಾರ್ದದ ಮಾತು ಎಷ್ಟು ಬೇಕಾದರೂ ಆಡುತ್ತೇನೆ. ನನ್ನನ್ನು ತಡೆದದ್ದು ಎಂಜಲಿನ ಹಿಂದೆ ಅಡಗಿ ಕುಳಿತಿದ್ದ ಆ ಇನ್ನೊಂದು. ಅದನ್ನು ಬಿಡಿಸಿ ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ.

"ಐರಿನ್, ನಾನು ಮೀನು ಮಾಂಸ ಮುಟ್ಟುವುದಿಲ್ಲ ಅಂತ ಹೇಳು," ಎಂದೆ.

ಅವಳಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನನ್ನ ಕಡೆ ಬಗ್ಗಿದಳು. "ಎಂತ ಮೇಡಂ?"

"ಶುದ್ಧ ಸಸ್ಯಾಹಾರಿ ಅಂತ ಹೇಳು."

ಐರಿನ್ ನನ್ನ ಮುಖವನ್ನೇ ನೋಡಿದಳು. ನಾನು ಹರಿವಾಣದ ಅಂಚು ನೋಡುತ್ತ ಕುಳಿತೆ. ಕೊನೆಗೆ ಅವಳು ಅರಬ್ಬಿಯಲ್ಲಿ ಏನೋ ಹೇಳಿದಳು. ದನಿ ಬಹಳ ಸಣ್ಣದಾಗಿತ್ತು.

ಉಮ್ಮ್ ಸಾಲಿಂ ಹಣೆ ಹಣೆ ಬಡಿದುಕೊಂಡರು. ತಪ್ಪು ತನ್ನದು, ಕರೆಯುವ ಮೊದಲೇ ಕೇಳಬೇಕಿತ್ತು ಎಂದು ಸೊಸೆಯನ್ನೂ ತನ್ನನ್ನೂ ಬೈದುಕೊಂಡರೆಂದು ಐರಿನ್ ತಿಳಿಸಿದಳು. ಮರಿಯಂ ಹರಿವಾಣವನ್ನು ನನ್ನ ಎದುರಿನಿಂದ ಸರಿಸಿ, ಮೇಲೆ ಬಟ್ಟೆ ಮುಚ್ಚಿದಳು. ಗೋಡೆ ಹಿಡಿದುಕೊಂಡು ಉಮ್ಮ್ ಸಾಲಿಂ ತಾವೇ ಅಡುಗೆಮನೆಗೆ ನಡೆದರು. ಒಳಗೆ ರಟ್ಟಿನ ಪೆಟ್ಟಿಗೆ ಹರಿಯುವ ಸದ್ದು. ಮೀನು ಬೇಯಿಸಿದ ಪಾತ್ರೆ ಬೇಡವೆಂದು, ಯಾರೋ ಉಡುಗೊರೆ ಕೊಟ್ಟಿದ್ದ ಹೊಸ ಪಾತ್ರೆಯನ್ನು ಬಿಚ್ಚುತ್ತಿದ್ದರು.

"ಹೇಳು, ಅವರೆಲ್ಲ ಊಟ ಮಾಡಲಿ, ನನಗೆ ಕಾಯುವುದು ಬೇಡ," ಎಂದೆ.

"ಮಾಡುದಿಲ್ಲ ಮೇಡಂ. ಅತಿಥಿ ತಿನ್ನದೆ ಅವರು ಮುಟ್ಟುದಿಲ್ಲ. ನಿಮ್ಮ ಗ್ರೀಕರ ಹಾಗೇ," ಎಂದಳು ಐರಿನ್, ನನ್ನ ಕಡೆ ತಿರುಗದೆ.

ಬದನೆ, ಬಟಾಟೆ, ಟೊಮೆಟೊ ಬೇಯುವವರೆಗೆ ಆ ಮನೆಯ ಹೆಂಗಸರೆಲ್ಲ ಮುಚ್ಚಿಟ್ಟ ಊಟದ ಸುತ್ತ ನಗುನಗುತ್ತ ಕುಳಿತಿದ್ದರು. ಅನ್ನ ಆರುತ್ತಿತ್ತು. ಹೊರಗಿನ ಕೋಣೆಯಿಂದ ವಿಲ್ಫ್ರೆಡ್ ನಗುವುದು ಕೇಳಿಸುತ್ತಿತ್ತು, ಅವನಾಗಲೇ ಉಣ್ಣುತ್ತಿದ್ದ.

ನನಗೆ ಬೇರೆ ತಟ್ಟೆಯಲ್ಲಿ ಬಡಿಸಿದರು. ಉಮ್ಮ್ ಸಾಲಿಂ ಪಕ್ಕಕ್ಕೆ ಬಂದು ಕುಳಿತು, ನಾನು ಬೆಚ್ಚಿಬೀಳುವ ಹಾಗೆ ಮುರುಕು ಹಿಂದಿಯಲ್ಲಿ ಮಾತಿಗಿಳಿದರು. ಅವರ ಗಂಡ ಹಾಯಿಹಡಗಿನ ನಾಯಕರಾಗಿದ್ದರಂತೆ. ಹೆಂಚು, ಮರ ತುಂಬಿಸಿಕೊಂಡು ಬರಲು ಮುಂಬಯಿಗೂ ಮಂಗಳೂರಿಗೂ ಹೋಗುತ್ತಿದ್ದರಂತೆ. ಹಿಂದಿ ಕಲಿತದ್ದು ಅವರಿಂದ.

"ಮಂಗಳೂರಿನಲ್ಲಿ ಒಬ್ಬರು ಇದ್ದರು. ಹಡಗು ಬಂದಾಗಲೆಲ್ಲ ಮನೆಗೆ ಕರೆದು ಊಟ ಹಾಕುತ್ತಿದ್ದರು. ತಂಪು ಗಾಳಿ ಬರುವ ಜಗಲಿಯಲ್ಲಿ ಕೂರಿಸಿ, ಇವರೊಬ್ಬರಿಗೇ ಬೇರೆ ಎಲೆ ಹಾಕಿ. ಅಷ್ಟು ಗೌರವ!" ಎಂದರು. ಗಂಡ ತೀರಿಹೋಗಿ ವರ್ಷಗಳಾದರೂ ಮಂಗಳೂರಿನವರು ಮನೆಗೆ ಬಂದರೆ ತಾನು ಹಾಗೆಯೇ ಉಪಚರಿಸಬೇಕೆಂದು ಅವರ ಆಸೆ.

ಜಗಲಿಯಲ್ಲಿ ಬೇರೆ ಎಲೆ ಯಾಕೆ ಹಾಕುತ್ತಿದ್ದರೆಂದು ನನಗೆ ಗೊತ್ತಿತ್ತು. ತಟ್ಟೆಯಲ್ಲಿದ್ದ ಬದನೆಕಾಯಿ ಚೆನ್ನಾಗಿಯೇ ಇತ್ತು. ತಲೆ ಎತ್ತದೆ ಅದನ್ನು ತಿಂದು ಮುಗಿಸಿದೆ.

ಐರಿನ್ ಮನೆಯ ಮಧ್ಯಾಹ್ನ

ಮರುದಿನ ಬೆಳಿಗ್ಗೆ ವಿಲ್ಫ್ರೆಡ್ ನಮ್ಮನ್ನು ಹಡಗು ಕಟ್ಟುವ ಅಂಗಳಕ್ಕೆ ಕರೆದೊಯ್ದ. ಮರದ ದೊಡ್ಡ ಪಕ್ಕೆಲುಬುಗಳು ಆಕಾಶಕ್ಕೆ ಎದ್ದು ನಿಂತಿದ್ದವು. ಯಾವುದೋ ಪ್ರಾಣಿಯ ಅಸ್ಥಿಪಂಜರದೊಳಗೆ ನಿಂತ ಹಾಗೆ ಅನ್ನಿಸುತ್ತಿತ್ತು. ಬೇರೆ ದಿನವಾಗಿದ್ದರೆ ಗ್ರೀಕರ ಹಡಗಿಗೂ ಅರಬರ ಹಡಗಿಗೂ ಇರುವ ವ್ಯತ್ಯಾಸವನ್ನು ಹೇಳಿ ಹೇಳಿ ಎಲ್ಲರನ್ನೂ ದಣಿಸುತ್ತಿದ್ದೆ. ಐರಿನ್ ನನ್ನೊಂದಿಗೆ ಬೇಕಾದಷ್ಟು ಮಾತ್ರ ಮಾತನಾಡುತ್ತಿದ್ದಳು.

ವಿಲ್ಫ್ರೆಡ್ ಕೆಲಸಕ್ಕೆ ಹೋದ. ಮಧ್ಯಾಹ್ನ ಐರಿನ್ ತೊವ್ವೆ ಮಾಡಲು ಹೊರಟಳು.

"ನಿನ್ನೆಯ ಮೀನುಸಾರು ಉಂಟಲ್ಲ? ಅದೇ ಸಾಕು," ಎಂದೆ. ಮೀನುಸಾರು ಮರುದಿನಕ್ಕೇ ರುಚಿಯೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

"ಬೇಡ ಮೇಡಂ. ಯಾರಾದ್ರೂ ಬಂದ್ರೆ…"

"ಇಷ್ಟು ಬಿಸಿಲಲ್ಲಿ ಯಾರು ಬರ್ತಾರೆ?"

ಅವಳು ಸಾರು ಬಿಸಿಮಾಡಿ ಬಡಿಸಿದಳು. ತಾನು ಮೊಸರನ್ನ ಹಾಕಿಕೊಂಡಳು. ನಾನು ಎರಡನೆಯ ತುಂಡಿನ ಮುಳ್ಳು ಬಿಡಿಸುತ್ತಿದ್ದಾಗ ಬಾಗಿಲು ತೆರೆದ ಸದ್ದಾಯಿತು. ಆ ಎರಡು ಮನೆಗಳ ನಡುವೆ ಬಾಗಿಲು ಬಡಿಯುವ ಪದ್ಧತಿ ಇರಲಿಲ್ಲ.

ಬಂದವರು ಉಮ್ಮ್ ಸಾಲಿಂ. ನೋವಿನ ಕಾಲಿನಲ್ಲಿ ಓಣಿ ದಾಟಿ ಬಂದು ಮುಖವೆಲ್ಲ ಕೆಂಪಾಗಿತ್ತು. ಕೈಯಲ್ಲಿ ಅದೇ ಹೊಸ ಪಾತ್ರೆ, ಮೇಲೊಂದು ಶುಭ್ರ ಬಟ್ಟೆ. ಒಳಗೆ ನನಗಾಗಿ ಮಾಡಿದ ತರಕಾರಿಯ ಪಲ್ಯವಿತ್ತೆಂದು ಆಮೇಲೆ ತಿಳಿಯಿತು. ಅವರು ನನ್ನ ತಟ್ಟೆ ನೋಡಿದರು. ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟ ಮುಳ್ಳುಗಳನ್ನು ನೋಡಿದರು. ನನ್ನ ಬೆರಳುಗಳನ್ನು ನೋಡಿದರು. ಕೈಯನ್ನು ಎಲ್ಲಿ ಅಡಗಿಸಿಡಬೇಕೆಂದು ನನಗೆ ತಿಳಿಯಲಿಲ್ಲ.

ಪಾತ್ರೆಯನ್ನು ಮೇಜಿನ ಮೇಲಿಟ್ಟು ಅವರು ಮೆಲ್ಲಗೆ ಕೇಳಿದರು:

"ತಬಿಯತ್ ಖರಾಬ್ ಥಾ ಕಲ್?"

ನಿನ್ನೆ ನಿನಗೆ ಮೈ ಸರಿ ಇರಲಿಲ್ಲವೇ ಎಂದು. ಸಿಕ್ಕಿಬಿದ್ದ ಅತಿಥಿಗೆ ತಪ್ಪಿಸಿಕೊಳ್ಳಲು ಆತಿಥೇಯೆಯೇ ತೆರೆದುಕೊಟ್ಟ ಬಾಗಿಲು ಅದು. ನಾನು ಅದರಲ್ಲಿ ನುಗ್ಗಿದೆ.

"ಹಾಂ. ಹೊಟ್ಟೆ ಸರಿ ಇರಲಿಲ್ಲ. ಈಗ ಪರವಾಗಿಲ್ಲ," ಎಂದು ಹಿಂದಿಯಲ್ಲಿ ಹೇಳಿದೆ.

"ಅಚ್ಛಾ ಹೈ," ಎಂದರು. ಒಳ್ಳೆಯದಾಯಿತು. ಐರಿನ್ ಕುರ್ಚಿ ಎಳೆದರೂ ಕೂರಲಿಲ್ಲ. ಅವಳ ತಲೆ ಸವರಿ, ಬಂದ ಹಾಗೆಯೇ ಹೋದರು.

ಬಾಗಿಲು ಮುಚ್ಚಿದ ಮೇಲೆ ಐರಿನ್ ಬಹಳ ಹೊತ್ತು ಕಲಸಿದ ಅನ್ನವನ್ನೇ ಕಲಸುತ್ತಿದ್ದಳು. ಆಮೇಲೆ ಕೈ ಬಿಟ್ಟಳು.

"ಮೇಡಂ, ನನ್ನ ಮಗಳು ಹುಟ್ಟಿದಾಗ ಇಲ್ಲಿ ಬಿರುಗಾಳಿ ಮಳೆ. ರಸ್ತೆ ಎಲ್ಲ ಮುಳುಗಿ ವಿಲ್ಲಿ ಪ್ಲಾಂಟಲ್ಲೇ ಸಿಕ್ಕಿಬಿದ್ದಿದ್ರು. ಅಮ್ಮನಿಗೆ ಊರಿಂದ ಬರ್ಲಿಕ್ಕೆ ಆಗ್ಲಿಲ್ಲ. ನನ್ನ ಬಾಣಂತನ ಮಾಡಿದ್ದು ಈ ಉಮ್ಮಿ. ಮಗುವಿನ ಬಟ್ಟೆ ಒಗೆದದ್ದು ಅವರು. ನನಗೆ ಊಟ ಇಳೀತಾ ಇರ್ಲಿಲ್ಲ, ಬಾಯಿಗೆ ಕೈಯಾರೆ ತುತ್ತು ಹಾಕಿದ್ದು ಅವರು." ಅವಳು ತಟ್ಟೆಯನ್ನು ದೂರ ಸರಿಸಿದಳು. "ನಾನು ಅವರಿಗೆ ಇಷ್ಟು ವರ್ಷದಲ್ಲಿ ಒಂದು ಸುಳ್ಳು ಹೇಳಿರ್ಲಿಲ್ಲ. ನಿನ್ನೆ ಹೇಳಿಸಿದ್ರಿ ನೀವು."

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳೇ ಮುಂದುವರಿಸಿದಳು.

"ನಿಮಗೆ ಎಂತಕ್ಕೆ ಆಗ್ಲಿಲ್ಲ ಅಂತ ನನಗೆ ಗೊತ್ತುಂಟು ಮೇಡಂ. ನಾನೂ ಅದೇ ಊರಿನವಳು."

ಓಣಿಯ ಆಚೆ

ಬಿಸಿಲು ಸ್ವಲ್ಪ ಇಳಿದ ಮೇಲೆ, ಕ್ಷಮೆ ಕೇಳಲು ಹೋಗೋಣ ಬಾ ಎಂದು ಐರಿನ್‌ಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು.

"ನಾನು ಬರುದಿಲ್ಲ. ನಿಮ್ಮ ಸುಳ್ಳನ್ನು ನಾನು ಹೇಳಿದೆ. ಸತ್ಯ ನೀವೇ ಹೇಳಿ ಮೇಡಂ."

ಒಬ್ಬಳೇ ಹೋದೆ. ಆ ಓಣಿ ದಾಟಲು ಎಷ್ಟು ಹೊತ್ತು ಬೇಕು? ಆದರೂ ನಡುವೆ ಒಂದು ಬೇವಿನ ಮರದ ನೆರಳಿನಲ್ಲಿ ನಿಂತು, ತಿರುಗಿ ಹೋಗಿಬಿಡಲೇ ಎಂದು ಯೋಚಿಸಿದೆ. ಅವರೊಬ್ಬರೇ ಇರಲಿ ಎಂದು ಬೇಡಿಕೊಳ್ಳುತ್ತ ಬಾಗಿಲು ತಟ್ಟಿದೆ. ಮರಿಯಂ ತೆರೆದಳು. ಒಳಗೆ ನೆರೆಹೊರೆಯ ಹೆಂಗಸರು ತುಂಬಿದ್ದರು.

ಉಮ್ಮ್ ಸಾಲಿಂ ಎದ್ದು ಬಂದು ಪಕ್ಕದಲ್ಲಿ ಕೂರಿಸಿಕೊಂಡರು. ಕಾಫಿ ಬಂತು, ಖರ್ಜೂರ ಬಂತು. ಯಾವುದರಲ್ಲೂ ಕೊರತೆ ಇರಲಿಲ್ಲ. ಅದಕ್ಕೇ ಇನ್ನೂ ಕಷ್ಟ. ಕಾಫಿಯ ಬಟ್ಟಲು ಕೈಯಲ್ಲಿ ಹಿಡಿದೇ ಹೇಳಿದೆ:

"ನಾನು ಮೀನು ತಿನ್ನುತ್ತೇನೆ. ಯಾವಾಗಲೂ ತಿನ್ನುತ್ತೇನೆ. ನಿನ್ನೆ ಹೇಳಿದ್ದು ಸುಳ್ಳು. ಇವತ್ತು ಹೊಟ್ಟೆ ಸರಿ ಇರಲಿಲ್ಲ ಅಂದದ್ದೂ ಸುಳ್ಳು. ಐರಿನ್‌ದು ತಪ್ಪಿಲ್ಲ, ಅವಳಿಂದ ನಾನು ಹೇಳಿಸಿದ್ದು."

ನನ್ನ ಹಿಂದಿ ಶಾಲೆಯ ಪುಸ್ತಕದ ಹಿಂದಿ. ಅಲ್ಲಿದ್ದವರಲ್ಲಿ ಯಾರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಆದರೆ ಮಾತೆಲ್ಲ ನಿಂತಿತು.

"ಕ್ಯೋಂ?" ಎಂದು ಉಮ್ಮ್ ಸಾಲಿಂ ಕೇಳಿದರು. ಯಾಕೆ?

ಕ್ಷಮೆ ಕೇಳುವ ಮಾತನ್ನು ಕಟ್ಟಿಕೊಂಡು ಬಂದಿದ್ದೆ. ಯಾಕೆ ಎಂದು ಕೇಳಬಹುದೆಂದು ಯೋಚಿಸಿಯೇ ಇರಲಿಲ್ಲ. ಎಂಜಲಿಗೆ ಹಿಂದಿಯಲ್ಲಿ ಏನೆನ್ನುತ್ತಾರೆಂದು ಹುಡುಕಿದೆ; ಅದನ್ನು ಹೇಳಿದರೆ ಮೂರನೆಯ ಸುಳ್ಳಾಗುತ್ತಿತ್ತು.

"ಡರ್," ಎಂದೆ. ಹೆದರಿಕೆ.

"ಕಿಸ್ ಸೇ?"

ಯಾರ ಹೆದರಿಕೆ ಎಂದು. ಅವರು ಕೋಣೆಯನ್ನು ಒಮ್ಮೆ ಸುತ್ತ ನೋಡಿದರು, ನನಗೆ ಹೆದರಿಕೆ ಹುಟ್ಟಿಸಿದ್ದು ಇಲ್ಲಿ ಯಾರು ಎಂದು ನಿಜವಾಗಿಯೂ ಹುಡುಕುವವರ ಹಾಗೆ. ನಾನೂ ನೋಡಿದೆ. ಮಗುವಿಗೆ ಹಾಲೂಡಿಸುತ್ತಿದ್ದ ಹೆಂಗಸು. ಖರ್ಜೂರದ ಬೀಜ ತೆಗೆಯುತ್ತಿದ್ದ ಅಜ್ಜಿ. ಕಾಫಿಯ ಹೂಜಿ ಹಿಡಿದ ಮರಿಯಂ. ನಾನು ತಲೆ ತಗ್ಗಿಸಿದೆ.

ಉಮ್ಮ್ ಸಾಲಿಂ ಮರಿಯಂ ಕಡೆ ನೋಡಿದರು. ಅವಳು ಒಳಗೆ ಹೋಗಿ ಮಣ್ಣಿನ ಧೂಪದ ಪಾತ್ರೆ ತಂದಳು. ಲೋಬಾನದ ಹೊಗೆ ಕೋಣೆಯಲ್ಲಿ ತುಂಬಿತು. ಗ್ರೀಕರು ತಮ್ಮ ದೇವರುಗಳ ಮುಂದೆ ಸುಡುತ್ತಿದ್ದ ಲೋಬಾನ ಈ ದೇಶಗಳ ಮರದಿಂದಲೇ ಹೋದದ್ದು. ಪಾತ್ರೆ ಮೊದಲು ನನ್ನ ಬಳಿಗೇ ಬಂದಾಗ, ನನ್ನನ್ನು ಮನ್ನಿಸಿ ಗೌರವಿಸುತ್ತಿದ್ದಾರೆಂದು ತಿಳಿದು ಎದೆ ಹಗುರಾಯಿತು. ಇನ್ನೂ ಸ್ವಲ್ಪ ಹೊತ್ತು ಕೂತೆ. ಯಾರೂ ಮತ್ತೆ ಕಾಫಿ ಬಗ್ಗಿಸಲಿಲ್ಲ. ಕೊನೆಗೆ ಎದ್ದೆ.

ಅವರು ಬೇಡವೆಂದರೂ ಕೇಳದೆ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದರು. ಅಲ್ಲಿ, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದರು:

"ಫಿರ್ ಆನಾ. ಭೂಖ್ ಲೇಕೇ ಆನಾ."

ಮತ್ತೆ ಬಾ. ಹಸಿದುಕೊಂಡು ಬಾ.

ಐರಿನ್ ಮೆಟ್ಟಿಲಲ್ಲೇ ಕಾಯುತ್ತಿದ್ದಳು. ಧೂಪ ಕೊಟ್ಟದ್ದನ್ನು ನಾನು ಹೆಮ್ಮೆಯಿಂದ ಹೇಳಿದೆ. ಅವಳಿಗೆ ಅಯ್ಯೋ ಅನ್ನಿಸಿರಬೇಕು.

"ಮೇಡಂ, ಇಲ್ಲಿ ಧೂಪ ತಂದ್ರೆ ಖಲಾಸ್. ಇನ್ನು ಹೊರಡಬಹುದು ಅಂತ ಅರ್ಥ. ಯಾವಾಗ್ಲೂ ಕೊನೆಗೆ ತರುದು. ನೀವು ಕೂತ ಕೂಡ್ಲೇ ತಂದ್ರಾ?"

ನನ್ನ ಕಿವಿಯೆಲ್ಲ ಬಿಸಿಯಾಯಿತು. ಗೇಟಿನಲ್ಲಿ ಅವರು ಹೇಳಿದ್ದನ್ನೂ ಹೇಳಿದೆ.

"ಹಾಗೆ ಹೇಳಿದ್ರಾ?" ಐರಿನ್ ಆ ದಿನ ಮೊದಲ ಸಲ ನನ್ನ ಮುಖ ನೋಡಿದಳು. "ಸರೀ ನೆನಪುಂಟಾ? ಹಸಿದುಕೊಂಡು ಅಂತ ಹೇಳಿದ್ರಾ?"

"ಹೌದು."

"ಹಾಗಾದ್ರೆ ಹೋಗ್ಬೇಕು ಮೇಡಂ."

ಹೊರಡುವ ಬೆಳಿಗ್ಗೆ

ಆ ಸಂಜೆ ನಾನು ಊಟ ಮಾಡಲಿಲ್ಲ. ವಿಲ್ಫ್ರೆಡ್ ಗಾಬರಿಯಾಗಿ ಮಾತ್ರೆ ತರಲು ಹೊರಟ. ಐರಿನ್ ಕೊಂಕಣಿಯಲ್ಲಿ ಏನೋ ಹೇಳಿ ತಡೆದಳು. ಬೆಳಿಗ್ಗೆ ಮಸ್ಕತ್ತಿಗೆ ಹೊರಡಬೇಕಿತ್ತು. ಕಾರಿಗೆ ಚೀಲ ಹಾಕುತ್ತಿದ್ದ ಅವನಿಗೆ ಈಗ ಬಂದೆ ಎಂದು ಹೇಳಿ, ಚಹಾ ಕೂಡ ಕುಡಿಯದೆ ಓಣಿ ದಾಟಿದೆ. ಈ ಸಲ ಮರದ ಕೆಳಗೆ ನಿಲ್ಲಲಿಲ್ಲ. ನಿಂತರೆ ಹಿಂದಕ್ಕೇ ಹೋಗುತ್ತೇನೆಂದು ಗೊತ್ತಿತ್ತು.

ಬಾಗಿಲು ತೆರೆದವರು ಉಮ್ಮ್ ಸಾಲಿಂ. ತಲೆಯ ಮೇಲಿನ ಬಟ್ಟೆ ಇನ್ನೂ ಸರಿಯಾಗಿ ಹೊದ್ದಿರಲಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದು, ಮನೆಯವರು ತಿಂಡಿಗೆ ಕೂರುವ ಹೊತ್ತಿರಬೇಕು, ಒಳಗಿನಿಂದ ರೊಟ್ಟಿ ಸುಡುವ ವಾಸನೆ ಬರುತ್ತಿತ್ತು.

ಸಲಾಂ ಹೇಳುವುದನ್ನೂ ಮರೆತು, ಬಂದ ಕಾರಣವನ್ನೇ ಹೇಳಿಬಿಟ್ಟೆ.

"ಮುಝೇ ಭೂಖ್ ಲಗೀ ಹೈ."

ನನಗೆ ಹಸಿವಾಗಿದೆ. ಬುದ್ಧಿ ಬಂದಮೇಲೆ ಪರರ ಮನೆಯ ಬಾಗಿಲಲ್ಲಿ ನಿಂತು ನಾನು ಆ ಮಾತು ಆಡಿದವಳಲ್ಲ. ಮುಖಕ್ಕೆ ರಕ್ತ ನುಗ್ಗಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ. ಬಾಗಿಲಿನಿಂದ ಸರಿದು ದಾರಿ ಬಿಟ್ಟರು.

ಒಳಗೆ ಮರಿಯಂ ಜಮಖಾನೆಯ ಮೇಲೆ ಒಂದು ತಟ್ಟೆ ಇಟ್ಟಳು. ನಿನ್ನೆಯ ಮೀನು, ಈರುಳ್ಳಿ ಹಾಕಿ ಹುರಿದದ್ದು. ಸುತ್ತ ತೆಳ್ಳನೆಯ ರೊಟ್ಟಿ. ನನಗೆ ಬೇರೆ ತಟ್ಟೆ ತರಲು ಅವಳು ಏಳುತ್ತಿದ್ದಳು. ಉಮ್ಮ್ ಸಾಲಿಂ ಅವಳ ಕೈ ಹಿಡಿದು ಕೂರಿಸಿದರು. ಅವರು ಒಂದು ಚೂರು ರೊಟ್ಟಿಯಿಂದ ಮೀನು ಹಿಡಿದು ಬಾಯಿಗಿಟ್ಟುಕೊಂಡರು. ಮರಿಯಂ ತಿಂದಳು. ಅವರ ಬೆರಳು ಆಡಿದ ಜಾಗದಿಂದಲೇ ನಾನೂ ಒಂದು ತುತ್ತು ತೆಗೆದುಕೊಂಡೆ.

ಆ ತುತ್ತು ಸಲೀಸಾಗಿ ಇಳಿಯಿತೆಂದು ಬರೆಯಬಹುದಿತ್ತು, ಓದುವವರಿಗೂ ಹಿತವಾಗುತ್ತಿತ್ತು. ಇಳಿಯಲಿಲ್ಲ. ಇಷ್ಟೆಲ್ಲ ಆದ ಮೇಲೂ, ಅಷ್ಟು ಹಸಿವಿದ್ದರೂ, ಗಂಟಲಲ್ಲಿ ನಿಂತಿತು. ಕಣ್ಣಲ್ಲಿ ನೀರು ಬಂತು. ಉಮ್ಮ್ ಸಾಲಿಂ ನೋಡುತ್ತಿದ್ದರು. ಏನು ನಿಂತಿತು, ಯಾಕೆ ನಿಂತಿತು ಎಂದು ಅವರಿಗೆ ತಿಳಿಯದೆ ಇರಲಿಲ್ಲ. ಅವರು ತಾವು ಕುಡಿಯುತ್ತಿದ್ದ ನೀರಿನ ಲೋಟವನ್ನು ಕೆಳಗಿಟ್ಟು, ನನ್ನ ಕಡೆಗೆ ಸರಿಸಿದರು.

ಲೋಟದ ಅಂಚು ಇನ್ನೂ ಒದ್ದೆಯಾಗಿತ್ತು. ನಾನು ಎತ್ತಿ ಕುಡಿದೆ.